ಸೌಟಣ್ಣನ ಮುಚ್ಚಳ

ಸೌಟಣ್ಣನಿಗೆ ತನ್ನ ಭಾವಮೈದುನನನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವನು ತಾನಾಗಿ ಒಪ್ಪಿಕೊಳ್ಳುವ ಪೈಕಿಯಲ್ಲ. "ನಂಗ್ಯಾಕ್ರೀ ಹೊಟ್ಟೆಕಿಚ್ಚು? ಅವನ ಹತ್ರ ಅಂಥದ್ದೇನಿದೆ?" ಎಂದು ಕೇಳಿದವರನ್ನೇ ದಬಾಯಿಸುತ್ತಾನೆ. ಏನಿದೆ ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತು. ತಮ್ಮ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿದರೆ ಸಾಕು, ಸೌಟಣ್ಣನ ಹೆಂಡತಿಯ ಮುಖ ಅರಳುತ್ತದೆ. ಗಂಡ ಬಂದರೆ "ಬಂದ್ರಾ?" ಎನ್ನುತ್ತಾಳೆ, ಅದೂ ತಲೆ ಎತ್ತದೆ. ಆ ಅರಳಿದ ಮುಖ ಒಂದು ಸಲವಾದರೂ ತನ್ನ ಕಡೆ ತಿರುಗಲಿ ಎಂಬುದು ಅವನ ಆಸೆ. ನಲವತ್ತು ದಾಟಿದ ಗಂಡಸು ಬಾಯಿಬಿಟ್ಟು ಕೇಳುವ ವಿಷಯವಲ್ಲ ಅದು. ಕೇಳದೆ ಒಳಗೊಳಗೇ ಬೇಯುತ್ತಿದ್ದ.

ಸೌಟಣ್ಣ ಎಂಬ ಹೆಸರು ಬಂದದ್ದು ಕ್ಯಾಂಟೀನಿನಿಂದ. ಪೈಪು ತಯಾರಿಸುವ ದೊಡ್ಡ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅವನು ಮುಖ್ಯ ಅಡುಗೆಯವನು. ಪಾತ್ರೆ ತೊಳೆಯುವುದರಿಂದ ಶುರುಮಾಡಿ, ತರಕಾರಿ ಹೆಚ್ಚುವವನಾಗಿ, ಕೊನೆಗೊಮ್ಮೆ ಸೌಟು ಕೈಗೆ ಬಂದಮೇಲೆ ಅದನ್ನು ಕೆಳಗಿಟ್ಟದ್ದನ್ನು ಯಾರೂ ನೋಡಿಲ್ಲ. ಬೈಯುವಾಗ ಸೌಟು, ಕರೆಯುವಾಗ ಸೌಟು, ಬೆನ್ನು ತುರಿಸಿದರೂ ಸೌಟು ಎಂದು ಕೆಲಸದವರು ಹಿಂದಿನಿಂದ ಆಡಿಕೊಳ್ಳುತ್ತಾರೆ. ಎದುರಿಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಆ ಅಡುಗೆಮನೆಯಲ್ಲಿ ಅವನು ಹೇಳಿದ್ದೇ ಹೇಳಿದ್ದು.

ಅವನ ಒಂದು ಕಟ್ಟಪ್ಪಣೆ ಕರಿಯುವ ಬಾಣಲೆಗೆ ಸಂಬಂಧಿಸಿದ್ದು. ಎಣ್ಣೆ ಸುರಿಯುವ ಮೊದಲೇ ಬಾಣಲೆಯ ಎಡಗಡೆ ಅದರ ಅಳತೆಯ ಮುಚ್ಚಳ ಇರಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಬೇಕು, ಮುಚ್ಚಳ ಮುಚ್ಚಬೇಕು, ಹಿಂದೆ ಸರಿದು ನಿಲ್ಲಬೇಕು. ನೀರು ಹಾಕಿದವನಿಗೆ, ಬಾಣಲೆ ಎತ್ತಿದವನಿಗೆ ಅಂದೇ ಕೆಲಸ ಖೋತಾ. ಎಲ್ಲಕ್ಕಿಂತ ಮುಖ್ಯ, ಮುಚ್ಚಿದ ಮುಚ್ಚಳವನ್ನು ಬಾಣಲೆ ಪೂರ್ತಿ ತಣ್ಣಗಾಗುವವರೆಗೆ ಮುಟ್ಟಕೂಡದು. "ಮುಚ್ಚಿ, ಮರೆತುಬಿಡ್ರೋ," ಎಂದು ಸೌಟು ಆಡಿಸುತ್ತಿದ್ದ. "ಒಳಗೆ ಸತ್ತಿದೆ ಅಂದ್ಕೋಬೇಡಿ. ಉಸಿರು ಸಿಗದೆ ಸುಮ್ನಿದೆ ಅಷ್ಟೆ. ನೀವು ತೆಗೆದು ಇಣುಕಿದ್ರೋ, ಗಾಳಿ ಸಿಕ್ತು ಅಂತ ಮುಖಕ್ಕೇ ಹಾರುತ್ತೆ."

ಇಷ್ಟೆಲ್ಲ ತಿಳಿದವನಿಗೆ ಮನೆಯ ಅಡುಗೆಮನೆಯಲ್ಲಿ ಕವಡೆ ಕಿಮ್ಮತ್ತಿಲ್ಲ. ಅಲ್ಲಿ ಹೆಂಡತಿಯದೇ ರಾಜ್ಯ. "ಮೂರು ಜನಕ್ಕೆ ಮಾಡಿ ಅಂದ್ರೆ ಮುನ್ನೂರು ಜನಕ್ಕೆ ಮಾಡಿಡ್ತಾರೆ. ಬಂದು ಕೂತ್ಕೊಳ್ಳಿ, ಬಡಿಸ್ತೀನಿ," ಎಂದು ಅವಳು ಅವನನ್ನು ಹೊಸಲಲ್ಲೇ ತಡೆಯುತ್ತಾಳೆ. ಅವಳು ಶಾಲೆಯ ಚೀಲ ಹೊಲಿಯುವ ವರ್ಕ್‌ಶಾಪಿನಲ್ಲಿ ಜಿಪ್ ಕೂರಿಸುವವಳು. ಬೆರಳು ಬಹಳ ಚುರುಕು. ವಕ್ರವಾಗಿ ಕೂತ ಜಿಪ್ಪನ್ನು ಕಣ್ಣು ಮುಚ್ಚಿಕೊಂಡೇ ಸರಿಮಾಡುತ್ತಾಳೆ ಎಂದು ಅಲ್ಲಿನ ಮಾಲೀಕನೇ ಹೇಳುತ್ತಾನೆ.

ಮೂರನೆಯವನು ಅವಳ ತಮ್ಮ. ಮನೆಯಲ್ಲಿ ಕರೆಯುವುದು ಮರಿ ಎಂದು. ಆರಡಿ ಎತ್ತರ, ಬಾಗಿಲಿಗೆ ಅಡ್ಡ ನಿಂತರೆ ಕೋಣೆ ಕತ್ತಲಾಗುವಷ್ಟು ಅಗಲ, ಆದರೂ ಮರಿ. ಮನೆಸಾಮಾನು ಸಾಗಿಸುವ ವ್ಯಾನಿನ ಚಾಲಕ. ಬಾಡಿಗೆ ಮನೆ ಸಿಗುವವರೆಗೆ ಎಂದು ಹೇಳಿ ಒಂದು ಚೀಲ ಹಿಡಿದುಕೊಂಡು ಬಂದವನು, ಈಗ ಹಾಲಿನ ಸೋಫಾದಲ್ಲಿ ಅವನ ಮೈಯ ಅಚ್ಚು ಬಿದ್ದಿದೆ. ಊರಿನವರ ಮನೆಗಳನ್ನೆಲ್ಲ ಬದಲಾಯಿಸಿಕೊಡುವವನಿಗೆ ತನಗೊಂದು ಮನೆ ಮಾತ್ರ ಸಿಕ್ಕಿಲ್ಲ. ಸೌಟಣ್ಣ ಈ ಮಾತನ್ನು ಒಮ್ಮೆ ತಮಾಷೆಯಾಗಿ ಆಡಿದ್ದ. ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಹೀಗಿರುವಾಗ ಮೊದಲನೆಯ ಬೆಂಕಿ ಬಿತ್ತು.

ರಜೆಯ ದಿನ, ಸಂಜೆ. ಹೆಂಡತಿ ಆಲೂಗಡ್ಡೆ ಕರಿಯಲು ಎಣ್ಣೆ ಕಾಯಲಿಟ್ಟು, ಕೆಳಗಿನ ಮನೆಯಾಕೆ ಕೂಗಿದಳೆಂದು ಮೆಟ್ಟಿಲ ಬಳಿ ಹೋದಳು. ಅವರಿಬ್ಬರೂ ಮಾತಿಗೆ ನಿಂತರೆ ಕಾಲ ನಿಲ್ಲುತ್ತದೆ, ಎಣ್ಣೆ ನಿಲ್ಲುವುದಿಲ್ಲ. ಸೌಟಣ್ಣ ಬಚ್ಚಲಲ್ಲಿ ತಲೆಗೆ ಸೋಪು ಹಚ್ಚಿಕೊಳ್ಳುತ್ತಿದ್ದ. ಸೋಫಾದಲ್ಲಿ ಬಿದ್ದುಕೊಂಡಿದ್ದ ಮರಿಗೆ ವಾಸನೆ ಬಡಿದು ಎಚ್ಚರವಾಯಿತು. ಒಳಗೆ ಹೋಗಿ ನೋಡಿದರೆ ಬಾಣಲೆ ಧಗಧಗ ಉರಿಯುತ್ತಿದೆ. ಅವನು ಸಾಮಾನು ಎತ್ತುವ ಕಸುಬಿನವನು. ಕಂಡದ್ದನ್ನು ಎತ್ತಿಕೊಂಡು ಹೊರಗೆ ಸಾಗಿಸುವುದೊಂದೇ ಅವನ ಕೈಗೆ ಗೊತ್ತು. ಟವೆಲು ಸುತ್ತಿ ಬಾಣಲೆಯ ಹಿಡಿಕೆ ಹಿಡಿದ, ಎತ್ತಿದ, ಓಡಿದ.

ಓಡಿದರೆ ಗಾಳಿ ಎದುರಿಂದ ಬರುತ್ತದೆ, ಬೆಂಕಿ ಹಿಡಿದವನ ಕಡೆಗೇ ವಾಲುತ್ತದೆ. ಮರಿಯ ಬಲ ಮುಂಗೈ ಸುಟ್ಟಿತು. ನಡುಬಾಗಿಲ ಪರದೆಗೆ ಉರಿ ತಗುಲಿತು. ಎಣ್ಣೆ ತುಳುಕಿ ಎಡಗಾಲಿನ ಮೇಲೆ ಬಿತ್ತು. ಅವನು ಕಿರುಚುತ್ತ ಹೊರಬಾಗಿಲು ದಾಟಿ, ಮಾತಾಡುತ್ತ ನಿಂತಿದ್ದ ಹೆಂಗಸರ ಪಕ್ಕದಲ್ಲೇ ಬಾಣಲೆ ಎಸೆದ. ಅವರು ಗೋಡೆಗೆ ಅಂಟಿಕೊಂಡದ್ದರಿಂದ ಬಚಾವಾದರು.

ಕಿರುಚಾಟ ಕೇಳಿ ಸೌಟಣ್ಣ ಒದ್ದೆ ಟವೆಲು ಸುತ್ತಿಕೊಂಡು ಹೊರಬಂದ. ಕಣ್ಣಿಗೆ ಸೋಪು ಇಳಿಯುತ್ತಿತ್ತು. ಪರದೆಯನ್ನು ಕಿತ್ತು ನೆಲಕ್ಕೆಳೆದು ಬಚ್ಚಲ ಬಕೆಟ್ಟಿನಲ್ಲಿ ಮುಳುಗಿಸಿದ. ಅಡುಗೆಮನೆಗೆ ಹೋದ. ಒಲೆ ಇನ್ನೂ ಉರಿಯುತ್ತಿತ್ತು, ಮೇಲೆ ನೇತುಹಾಕಿದ್ದ ಒರೆಸುವ ಬಟ್ಟೆಯ ಒಂದು ತುದಿ ಬಾಗಿ ಕಪ್ಪಾಗುತ್ತಿತ್ತು. ಗ್ಯಾಸ್ ಆರಿಸಿ, ಬಟ್ಟೆ ಎಳೆದು, ಕಿಟಕಿ ತೆರೆದ. ಇದನ್ನು ಒಂದು ನರಪಿಳ್ಳೆಯೂ ನೋಡಲಿಲ್ಲ. ಕಟ್ಟಡದ ಜನವೆಲ್ಲ ಮೆಟ್ಟಿಲ ಬಳಿ ಮರಿಯ ಸುತ್ತ ಸೇರಿತ್ತು.

"ಗ್ಯಾಸ್ ಯಾರೂ ಆಫ್ ಮಾಡಿರ್ಲಿಲ್ಲ," ಎಂದು ಸೌಟಣ್ಣ ಬಾಗಿಲಲ್ಲಿ ನಿಂತು ಹೇಳಿದ.

"ಈಗ ಅದಾ ಮಾತು?" ಎಂದಳು ಹೆಂಡತಿ. ತಮ್ಮನ ತಲೆ ಅವಳ ತೊಡೆಯ ಮೇಲಿತ್ತು. "ನನ್ನ ತಮ್ಮ ಬೆಂಕೀನ ಕೈಯಲ್ಲಿ ಹೊತ್ಕೊಂಡು ಓಡಿ ಮನೆ ಉಳಿಸಿದಾನೆ. ನೀವು ಸ್ನಾನ ಮುಗಿಸ್ಕೊಳ್ಳಿ ಹೋಗಿ."

ಅಲ್ಲಿದ್ದವರಲ್ಲಿ ಒಂದಿಬ್ಬರು ನಕ್ಕರು. ಸೋಪಿನ ನೊರೆ ಕಿವಿಯ ಮೇಲೆ ನಿಂತ ಮನುಷ್ಯನನ್ನು ನೋಡಿ ನಗದೆ ಇರುವುದು ಕಷ್ಟ.

ಅಂದಿನಿಂದ ಮರಿಯ ದರ್ಬಾರು ಶುರುವಾಯಿತು. ಬಲಗೈಗೆ ಬ್ಯಾಂಡೇಜು, ಕಾಲಿಗೆ ಬ್ಯಾಂಡೇಜು, ಸೋಫಾದ ಮೇಲೆ ಎರಡು ದಿಂಬು. ಬಂದವರು ಹಣ್ಣು ತರುತ್ತಿದ್ದರು. ಕಟ್ಟಡದ ಸಂಘದ ಕಾರ್ಯದರ್ಶಿ ಬಂದು ಮರಿಯ ಧೈರ್ಯಕ್ಕೆ ಮೆಚ್ಚಿ ಒಂದು ಗೋಡೆ ಗಡಿಯಾರ ಕೊಟ್ಟು ಹೋದ. ಅದನ್ನು ತಗಲಿಹಾಕಲು ಸ್ಟೂಲು ಹತ್ತಿ ಮೊಳೆ ಹೊಡೆದವನು ಸೌಟಣ್ಣ. ಹೆಂಡತಿ ಕೆಳಗೆ ನಿಂತು "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಅವನು ಮಲಗಿದಲ್ಲಿಂದ ಕಾಣ್ಬೇಕು," ಎನ್ನುತ್ತಿದ್ದಳು. ಮೊಳೆ ಹೊಡೆಯುವಾಗ ಸೌಟಣ್ಣ ಗೋಡೆಯನ್ನು ಅಷ್ಟು ಜೋರಾಗಿ ಯಾಕೆ ಬಡಿದ ಎಂದು ಅವಳು ಕೇಳಲಿಲ್ಲ.

ಊಟದ ಹೊತ್ತು ಇನ್ನೂ ಕೆಟ್ಟದಾಗಿತ್ತು. ಅವಳು ತಮ್ಮನಿಗೆ ಕೈತುತ್ತು ಹಾಕುತ್ತಿದ್ದಳು. ಬಿಸಿಯಿದ್ದರೆ ಊದುತ್ತಿದ್ದಳು. ಎದುರಿಗೆ ಕೂತ ಸೌಟಣ್ಣ ತನ್ನ ಮುಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿ ಎಣ್ಣೆ ಸಿಡಿದ ಕಲೆ, ಕೊಪ್ಪರಿಗೆಯ ಅಂಚು ತಾಗಿದ ಗೆರೆ, ಹಬೆಗೆ ಚರ್ಮ ಸುಲಿದು ಬಿಳಿಚಿದ ಜಾಗ, ಹೀಗೆ ಒಂದು ಜೀವಮಾನದ ಸುಟ್ಟಗಾಯಗಳಿದ್ದವು. ಮದುವೆಯಾದ ಹೊಸತರಲ್ಲಿ ಅವಳು ಇವುಗಳ ಮೇಲೂ ಊದುತ್ತಿದ್ದಳು. ಆಮೇಲೆ ಅಭ್ಯಾಸವಾಗಿಹೋಯಿತು, ಮುಲಾಮು ಎಲ್ಲಿದೆ ಎಂದು ಬೆರಳು ತೋರಿಸುತ್ತಿದ್ದಳು. ಈಗ ಅದೂ ಇಲ್ಲ. ಒಂದೇ ದಿನ, ಅದೂ ತಪ್ಪು ಕೆಲಸ ಮಾಡಿ ಸುಟ್ಟುಕೊಂಡವನಿಗೆ ಈ ವೈಭೋಗ ಎಂದು ಸೌಟಣ್ಣ ಹಲ್ಲು ಕಡಿದ.

ಒಂದು ಸಲ ಅವನಿಗೂ ಕಾಲ ಕೂಡಿಬಂದಂತಾಗಿತ್ತು. ಆಸ್ಪತ್ರೆಯಲ್ಲಿ ಮರಿಯ ಬ್ಯಾಂಡೇಜು ಬಿಚ್ಚುತ್ತಿದ್ದ ಸಿಸ್ಟರು, ಸ್ವಲ್ಪ ವಯಸ್ಸಾದ, ಒರಟು ಮಾತಿನ ಹೆಂಗಸು, "ಬಾಣಲೆ ಎತ್ಕೊಂಡು ಓಡಿದ್ರಾ?" ಎಂದು ಕೇಳಿದಳು. ಮರಿ ಎದೆಯುಬ್ಬಿಸಿ ಹೌದೆಂದ.

"ಈ ವಾರ್ಡಿಗೆ ಬರೋರೆಲ್ಲ ಅದನ್ನೇ ಮಾಡಿ ಬರ್ತಾರೆ ಕಣಪ್ಪ," ಎಂದಳು ಅವಳು. "ಬೆಂಕಿಯಿಂದ ಸುಟ್ಕೊಂಡೋರಿಗಿಂತ ಬೆಂಕಿ ಆರಿಸೋಕೆ ಹೋಗಿ ಸುಟ್ಕೊಂಡೋರೇ ಜಾಸ್ತಿ. ಒಬ್ಬ ಎಣ್ಣೆಗೆ ನೀರು ಹುಯ್ದು ಬರ್ತಾನೆ, ಒಬ್ಬ ಬಾಣಲೆ ಹೊತ್ಕೊಂಡು ಬರ್ತಾನೆ. ಹೊರಗೆ ಬಂದೋರು ಮೊಬೈಲ್ ಮರೆತೆ ಅಂತ ಮತ್ತೆ ಒಳಗೆ ಹೋಗಿ ಹೊಗೆ ಕುಡಿದು ಬರ್ತಾರೆ. ಮುಚ್ಚಳ ಇರ್ಲಿಲ್ವಾ ಮನೇಲಿ?"

ಸೌಟಣ್ಣನಿಗೆ ಆ ಹೆಂಗಸಿನ ಕಾಲಿಗೆ ಬೀಳೋಣ ಎನ್ನಿಸಿತು. ಹೆಂಡತಿ ಕೇಳಿಸಿಕೊಂಡಳೇ ಎಂದು ಹಿಂದೆ ತಿರುಗಿದರೆ ಅವಳಿಲ್ಲ. ತಮ್ಮನ ಮಾತ್ರೆಗೆಂದು ಔಷಧಿ ಕೌಂಟರಿನ ಸಾಲಿನಲ್ಲಿ ನಿಂತಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ಅವನು ಸಿಸ್ಟರಿನ ಮಾತನ್ನು ಒಂದಕ್ಷರ ಬಿಡದೆ ಹೇಳಿದ.

"ಅವರ್ಯಾಕೆ ಹಾಗಂತಾರೆ? ನೀವೇ ಕಟ್ಟಿ ಹೇಳ್ತಿದೀರಿ," ಎಂದಳು. "ಯಾಕ್ರೀ, ಆ ಹುಡುಗನ್ನ ನಾಲ್ಕು ಜನ ಹೊಗಳಿದ್ರೆ ನಿಮಗೇನು ನಷ್ಟ?"

ಮರಿ ಪಕ್ಕದಲ್ಲೇ ಇದ್ದ. "ಅಂದ್ರು ಅಕ್ಕಾ, ಹಾಗೇ ಅಂದ್ರು. ಭಾವ ಹೇಳೋದು ಸರಿ," ಎಂದ. ಅದರಿಂದ ಸೌಟಣ್ಣನಿಗೆ ಇನ್ನಷ್ಟು ಉರಿಯಿತು. ತನ್ನ ಪರವಾಗಿ ಮಾತಾಡುವ ದೊಡ್ಡತನವೂ ಇವನ ಪಾಲಿಗೇ ಹೋಯಿತಲ್ಲ ಎಂದು.

ಮರುದಿನವೇ ಅವನು ಅಂಗಡಿಗೆ ಹೋಗಿ, ಮನೆಯ ಹೊಸ ಬಾಣಲೆಗೆ ಅಳತೆಯಾಗುವ ಸ್ಟೀಲಿನ ಮುಚ್ಚಳ ತಂದು ಒಲೆಯ ಎಡಗಡೆ ಮೊಳೆಗೆ ನೇತುಹಾಕಿದ. ಹೆಂಡತಿಯನ್ನು ಕರೆದು ಹೇಗೆ ಮುಚ್ಚಬೇಕೆಂದು ತೋರಿಸಹೋದ. ಅವಳು "ಆಯ್ತು, ಗೊತ್ತಾಯ್ತು," ಎಂದು ಅದರಲ್ಲೇ ಈರುಳ್ಳಿ ಸಿಪ್ಪೆ ತುಂಬಿಕೊಂಡು ಹೊರಗೆ ಹಾಕಿ ಬಂದಳು. ಇನ್ನೊಂದು ದಿನ ನೋಡಿದರೆ ಮರಿ ಅದನ್ನು ಕಿಟಕಿಗೆ ಒರಗಿಸಿಕೊಂಡು ಅದರ ಹೊಳಪಿನಲ್ಲಿ ಎಡಗೈಯಿಂದ ಗಡ್ಡ ಕೆರೆದುಕೊಳ್ಳುತ್ತಿದ್ದ.

ಮರಿಯ ಬ್ಯಾಂಡೇಜು ಪೂರ್ತಿ ಬಿಚ್ಚಿದ ಮೇಲೆ ಒಂದು ಭಾನುವಾರ ಕಾರ್ಯದರ್ಶಿ, ಕೆಳಗಿನ ಮನೆಯಾಕೆ, ಅವಳ ಗಂಡ, ಮರಿಯ ವ್ಯಾನಿನ ಮಾಲೀಕ, ಎಲ್ಲರೂ ನೋಡಲು ಬಂದರು. ಬಂದವರ ಉಪಚಾರದಲ್ಲಿ ಹೆಂಡತಿಗೆ ಬಿಡುವಿಲ್ಲ. "ರೀ, ಸ್ವಲ್ಪ ಕರೀತೀರಾ?" ಎಂದು ಅಪರೂಪಕ್ಕೆ ಅಡುಗೆಮನೆ ಬಿಟ್ಟುಕೊಟ್ಟಳು. ಸೌಟಣ್ಣ ಖುಷಿಯಾಗಿಯೇ ಒಳಗೆ ಹೋದ. ಬಾಣಲೆ ಇಟ್ಟ, ಮುಚ್ಚಳ ಎಡಗಡೆ ಇಟ್ಟ, ಎಣ್ಣೆ ಸುರಿದ, ಒಲೆ ಹಚ್ಚಿದ. ಅಷ್ಟರಲ್ಲಿ ಹಾಲಿನಿಂದ ಮರಿಯ ದನಿ ಕೇಳಿಸಿತು. ಕಥೆ ಶುರುವಾಗಿತ್ತು.

ಉಪ್ಪುಖಾರ ಹಚ್ಚಿ ಹೇಳುವುದರಲ್ಲಿ ಮರಿಯದು ಎತ್ತಿದ ಕೈ. ಹೋದ ಸಲದ ಕಥೆಯಲ್ಲಿ ಬೆಂಕಿ ಅವನ ಭುಜದವರೆಗೆ ಬಂದಿತ್ತು, ಈ ಸಲ ಛಾವಣಿ ಮುಟ್ಟಿತ್ತು. ಸೌಟಣ್ಣ ಕಿವಿ ನಿಮಿರಿಸಿದ. ಇನ್ನೆಷ್ಟು ಸುಳ್ಳು ಪೋಣಿಸುತ್ತಾನೋ ನೋಡೋಣ ಎಂದು ಎರಡು ಹೆಜ್ಜೆ ಬಾಗಿಲ ಕಡೆ ಸರಿದ. ಆಮೇಲೆ ಚೌಕಟ್ಟಿಗೆ ಒರಗಿ ಕತ್ತು ಹೊರಗೆ ಹಾಕಿದ. ಹೆಂಡತಿ ಟ್ರೇ ಹಿಡಿದುಕೊಂಡು ತಮ್ಮನನ್ನೇ ನೋಡುತ್ತ ನಿಂತಿದ್ದಳು. ಈ ಕಥೆಯನ್ನು ಎಷ್ಟನೆಯ ಸಲವೋ ಕೇಳುತ್ತಿದ್ದವಳು, ಆದರೂ ಮುಖದಲ್ಲಿ ಅದೇ ಬೆಳಕು. ಸೌಟಣ್ಣ ಆ ಮುಖವನ್ನು ನೋಡುತ್ತ ನಿಂತುಬಿಟ್ಟ. ಬೆನ್ನ ಹಿಂದೆ ಎಣ್ಣೆ ಕಾದು, ಹೊಗೆಯಾಡಿ, ಭಗ್ಗನೆ ಹೊತ್ತಿಕೊಂಡಿತು.

ತಿರುಗಿದ. ಗ್ಯಾಸ್ ಆರಿಸಿದ. ಮುಚ್ಚಳ ಎತ್ತಿ ತನ್ನ ಕಡೆಯ ಅಂಚಿನಿಂದ ಜಾರಿಸಿ ಮುಚ್ಚಿದ. ಉರಿ ಒಳಗೆ ಸೇರಿ ಸದ್ದಡಗಿತು. ಒಂದು ಕೆಮ್ಮು ಕೆಮ್ಮುವಷ್ಟು ಹೊತ್ತು, ಅಷ್ಟೆ. ಮೈಮೇಲೆ ಒಂದು ಕಿಡಿ ಬೀಳಲಿಲ್ಲ, ಗೋಡೆಗೆ ಮಸಿ ಹತ್ತಲಿಲ್ಲ. ಅವನ ಜೀವನದಲ್ಲಿ ಇಷ್ಟು ಚೊಕ್ಕವಾಗಿ ಮಾಡಿದ ಕೆಲಸ ಇನ್ನೊಂದಿರಲಾರದು. ಹಾಲಿನಲ್ಲಿ ಯಾರೂ ತಿರುಗಿ ಸಹ ನೋಡಲಿಲ್ಲ. ಮರಿಯ ಕಥೆ ಈಗ ಮೆಟ್ಟಿಲ ಬಳಿ ಬಂದಿತ್ತು, ಕೆಳಗಿನ ಮನೆಯಾಕೆ "ಅಯ್ಯೋ, ನಾನೇ ಕಣ್ಣಾರೆ ಕಂಡೆ," ಎನ್ನುತ್ತಿದ್ದಳು.

ಸೌಟಣ್ಣನಿಗೆ ತಡೆಯಲಾಗಲಿಲ್ಲ. "ಎಲ್ಲಾ ಸ್ವಲ್ಪ ಬನ್ನಿ ಇಲ್ಲಿ!" ಎಂದು ಕೂಗಿದ. ದನಿ ಕೇಳಿ ಎಲ್ಲರೂ ಗಾಬರಿಯಿಂದ ಎದ್ದು ಬಂದರು. ಬಂದು ನೋಡಿದರೆ ಆರಿದ ಒಲೆ, ಅದರ ಮೇಲೆ ಮುಚ್ಚಿದ ಬಾಣಲೆ, ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತ ಸೌಟಣ್ಣ.

"ಏನಾಯ್ತು?" ಎಂದ ಕಾರ್ಯದರ್ಶಿ.

"ಎಣ್ಣೆಗೆ ಬೆಂಕಿ ಹತ್ತಿತ್ತು. ಆರಿಸ್ದೆ."

"ಎಲ್ಲಿ?"

"ಇದರೊಳಗೆ."

ಒಂದು ಕ್ಷಣ ಎಲ್ಲರೂ ಬಾಣಲೆಯನ್ನು ನೋಡಿದರು. ಅದು ತನ್ನ ಪಾಡಿಗೆ ಕೂತಿತ್ತು. ವ್ಯಾನಿನ ಮಾಲೀಕ ಮೊದಲು ನಕ್ಕ. "ಬೆಂಕಿ ಇದರೊಳಗೆ ಇತ್ತಾ? ಒಳ್ಳೆ ಕಥೆ!" ಎಂದ. ಮರಿ, "ಇಲ್ಲ, ಭಾವ ಮಾಡಿದ್ದೇ ಸರಿ. ಬನ್ನಿ, ಅದು ತಣ್ಣಗಾಗ್ಲಿ," ಎಂದು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೊರಟ. ಅವರು ತಿರುಗಿದರು, ಬೆನ್ನುಗಳಷ್ಟೇ ಕಾಣುತ್ತಿದ್ದವು. ಹೆಂಡತಿ ಮಾತ್ರ ಹತ್ತಿರ ಬಂದು, "ಹೋಗ್ಲಿ ಬಿಡಿ. ನಾನು ಬೇರೆ ಏನಾದ್ರೂ ಕೊಡ್ತೀನಿ ಅವರಿಗೆ," ಎಂದು ಸಮಾಧಾನ ಮಾಡಲು ಅವನ ತೋಳು ಮುಟ್ಟಿದಳು. ಮಗುವಿಗೆ ಹೇಳುವ ಹಾಗಿತ್ತು ಆ ದನಿ. ಅವಳೂ ನಂಬಿರಲಿಲ್ಲ.

"ನಂಬಲ್ವಾ ನೀನು? ನೋಡು!" ಎಂದ ಸೌಟಣ್ಣ. ಮುಚ್ಚಳ ತೆಗೆದ.

ಇಷ್ಟು ವರ್ಷ ಸೌಟು ಆಡಿಸಿ ಯಾವುದನ್ನು ಮಾಡಬೇಡಿ ಎಂದು ಹೇಳುತ್ತ ಬಂದಿದ್ದನೋ ಅದನ್ನೇ ಮಾಡಿದ. ಉರಿ ಎದ್ದು ಪಕ್ಕಕ್ಕೆ ಹೊರಳಿತು. ಅವಳು ಅಂದು ಅಗಲ ತೋಳಿನ ನೈಲಾನ್ ಅಂಗಿ ಹಾಕಿಕೊಂಡಿದ್ದಳು. ತೋಳಿಗೆ ಹತ್ತಿ, ಬಟ್ಟೆ ಕರಗಿ ಕೈಗೆ ಅಂಟಿತು. ಸೌಟಣ್ಣ ಮುಚ್ಚಳವನ್ನು ಮತ್ತೆ ಬಾಣಲೆಯ ಮೇಲೆ ಕುಕ್ಕಿ, ಅವಳ ತೋಳನ್ನು ಬರಿಗೈಯಲ್ಲೇ ಹಿಡಿದು ಉರಿ ಒತ್ತಿಹಾಕಿದ. ಅವಳು ಕಿರುಚಿದ್ದು ಕೇಳಿ ಓಡಿಬಂದ ಮರಿ ಅಕ್ಕನನ್ನು ನಲ್ಲಿಯ ಬಳಿಗೆ ಎಳೆದ. "ನೀರಿನ ಕೆಳಗೇ ಹಿಡ್ಕೋ ಅಕ್ಕಾ, ತೆಗೀಬೇಡ. ಅಂಟಿದ ಬಟ್ಟೆ ಕೀಳ್ಬೇಡಿ ಯಾರೂ!" ಕೆಳಗಿನ ಮನೆಯಾಕೆ ಟೂತ್‌ಪೇಸ್ಟು ಹಿಡಿದುಕೊಂಡು ಬಂದಳು. "ಅದೆಲ್ಲ ಬೇಡ, ನೀರೊಂದೇ," ಎಂದು ಅವಳನ್ನು ಹಿಂದೆ ಸರಿಸಿದ. ಆಸ್ಪತ್ರೆಯಲ್ಲಿ ಕಲಿತದ್ದನ್ನು ಒಂದೂ ಮರೆತಿರಲಿಲ್ಲ.

"ಹೇಗಾಯ್ತಮ್ಮಾ?" ಎಂದು ಕಾರ್ಯದರ್ಶಿ ಕೇಳಿದ.

ಅವಳು ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ, ಹಲ್ಲು ಕಚ್ಚಿಕೊಂಡೇ ಹೇಳಿದಳು. "ನಾನೇ ಮುಚ್ಚಳ ತೆಗೆದೆ. ಅವರು ಬೇಡ ಅಂದ್ರು. ಕೇಳ್ಲಿಲ್ಲ."

ಸೌಟಣ್ಣ ಬಾಯಿ ತೆರೆದ. ಮಾತು ಹೊರಡುವಷ್ಟರಲ್ಲಿ ಕಾರ್ಯದರ್ಶಿ ಅವನ ಬೆನ್ನು ತಟ್ಟುತ್ತಿದ್ದ.

ಆಮೇಲಿನ ದಿನಗಳಲ್ಲಿ ಸೌಟಣ್ಣನಿಗೆ ಬೇಕಾದದ್ದೆಲ್ಲ ಸಿಕ್ಕಿತು. ಅಡುಗೆಯವರು ಮುಚ್ಚಳ ಮುಚ್ಚಿ ಬೆಂಕಿ ಆರಿಸಿದ್ದರು, ಹೆಂಡತಿ ಮಾತು ಕೇಳದೆ ತೆಗೆದಳು, ಮತ್ತೆ ಅವರೇ ಬರಿಗೈಯಲ್ಲಿ ಅವಳನ್ನು ಉಳಿಸಿದರು ಎಂದು ಕಟ್ಟಡವೆಲ್ಲ ಹೇಳಿಕೊಂಡಿತು, ಸುದ್ದಿ ಕ್ಯಾಂಟೀನಿಗೂ ಮುಟ್ಟಿತು. ವ್ಯಾನಿನ ಮಾಲೀಕ ಬಂದು ನಕ್ಕದ್ದಕ್ಕೆ ಕ್ಷಮೆ ಕೇಳಿದ. ಮೆಟ್ಟಿಲಲ್ಲಿ ಸಿಕ್ಕವರು ನಿಂತು ಮಾತಾಡಿಸಿದರು. ಮೊದಲ ದಿನ ಅವನಿಗೆ ನಾಚಿಕೆಯಾಯಿತು. ಎರಡನೆಯ ದಿನ, ಇದನ್ನೂ ಮುಚ್ಚಿಡಬಾರದು, ಸ್ವಲ್ಪ ಹಿತವೆನಿಸಿತು. ಮರಿಯ ಕಥೆಯನ್ನು ಈಗ ಯಾರೂ ಕೇಳುತ್ತಿರಲಿಲ್ಲ.

ಅವಳಿಗೆ ಈಗ ಅವನೇ ಕೈತುತ್ತು ಹಾಕುತ್ತಿದ್ದ. ಅವಳು ಗೋಡೆ ನೋಡುತ್ತ ತಿನ್ನುತ್ತಿದ್ದಳು. ಬಲಗೈಯ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಅವಳ ಹೊಲಿಗೆಯಂತ್ರಕ್ಕೆ ಬೇರೊಬ್ಬಳನ್ನು ಕೂರಿಸಿದ್ದರು. ವ್ಯಾಯಾಮ ಮಾಡಿದರೆ ಬೆರಳು ಸಡಿಲವಾಗಬಹುದು ಎಂದು ಡಾಕ್ಟರು ಹೇಳಿದ್ದರು. ಆಗುತ್ತದೆ ಎಂದು ಹೇಳಿರಲಿಲ್ಲ.

"ಯಾಕೆ ಸುಳ್ಳು ಹೇಳಿದೆ?" ಎಂದು ಅವನು ಒಂದು ಮಧ್ಯಾಹ್ನ ಕೇಳಿದ.

"ನಿಮಗೆ ಬೇಕಾಗಿತ್ತಲ್ಲ," ಎಂದಳು. "ಎಷ್ಟು ದಿನದಿಂದ ಮುಖ ಊದಿಸ್ಕೊಂಡು ಓಡಾಡ್ತಿದ್ರಿ. ಸಿಕ್ತಲ್ಲ, ಇಟ್ಕೊಳ್ಳಿ." ಪ್ರೀತಿಯಿಂದ ಹೇಳಿದಳೋ ಸಿಟ್ಟಿನಿಂದಲೋ ಅವನಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ನೀರು ಬೇಕೇ ಎಂದು ಕೇಳಿ ಎದ್ದುಹೋದ.

ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಕೆಲಸದವರನ್ನು ಮ್ಯಾನೇಜರು ಕರೆದುಕೊಂಡು ಬಂದು ಸೌಟಣ್ಣನ ಮುಂದೆ ನಿಲ್ಲಿಸಿದ. "ಇವರ ಮಾತು ಮೀರಬೇಡಿ," ಎಂದ. "ಇವರ ಹೆಂಡತಿ ಮೀರಿ ಏನಾಯ್ತು ಗೊತ್ತಾ? ಮುಚ್ಚಳ ತೆಗೀಬೇಡ ಕಣೇ ಅಂದ್ರು. ಒಳಗೇನಿದೆ ನೋಡೋಣ ಅಂತ ಇಣುಕಿದ್ಲಂತೆ ಆಯಮ್ಮ!" ಹೊಸಬರು ನಕ್ಕರು. ಒಬ್ಬ ಕತ್ತು ಮುಂದೆ ಚಾಚಿ, ಕಣ್ಣರಳಿಸಿ, ಅವಳು ಹೇಗೆ ಇಣುಕಿರಬಹುದೆಂದು ನಟಿಸಿ ತೋರಿಸಿದ. ಹಳಬರೂ ನಕ್ಕರು.

ಸೌಟಣ್ಣನ ಕೈಯಲ್ಲಿ ಸೌಟಿತ್ತು. ಅದನ್ನು ಕೆಳಗಿಟ್ಟ.

"ನಗಬೇಡ್ರೋ," ಎಂದ. "ಅವಳು ತೆಗೀಲಿಲ್ಲ. ತೆಗೆದೋನು ನಾನು. ಯಾರೂ ನನ್ನನ್ನ ಹೊಗಳ್ಲಿಲ್ಲ ಅಂತ ತೆಗೆದೆ."

ಮ್ಯಾನೇಜರು ಕೆಮ್ಮಿ, ಯಾವುದೋ ಕೆಲಸ ನೆನಪಾದವನಂತೆ ಹೊರಟುಹೋದ. ಅಂದು ಮಧ್ಯಾಹ್ನ ಬಾಣಲೆಯ ಬಳಿ ಮುಚ್ಚಳವಿಲ್ಲದ್ದನ್ನು ಕಂಡು ಸೌಟಣ್ಣ ಗದರಿದಾಗ, ಕರಿಯುತ್ತಿದ್ದವನು "ತರ್ತೀನಿ, ತರ್ತೀನಿ," ಎಂದ, ಎದ್ದು ಹೋಗಲು ಅವಸರಪಡದೆ. ಅಂಥ ಉತ್ತರವನ್ನು ಸೌಟಣ್ಣ ಆ ಅಡುಗೆಮನೆಯಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ. ತಾನೇ ಹೋಗಿ ಮುಚ್ಚಳ ತಂದಿಟ್ಟ.

ಸಂಜೆ ಅಲ್ಲಿಂದ ನೇರ ಆಸ್ಪತ್ರೆಗೆ ಹೋದ. ಅವಳು ಒಳಗೆ ಬ್ಯಾಂಡೇಜು ಹಾಕಿಸಿಕೊಳ್ಳುತ್ತಿದ್ದಳು. ಮರಿ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಸೌಟಣ್ಣ ಅವನ ಪಕ್ಕ ಕೂತು, ನೆಲ ನೋಡುತ್ತ, "ಮುಚ್ಚಳ ತೆಗೆದದ್ದು ನಿಮ್ಮಕ್ಕ ಅಲ್ಲ ಕಣೋ, ನಾನು," ಎಂದ. ಮರಿ ಎದ್ದು ಕುತ್ತಿಗೆಪಟ್ಟಿ ಹಿಡಿದರೂ ಹಿಡಿಯಲಿ ಎಂದು ಮೈ ಬಿಗಿಹಿಡಿದಿದ್ದ.

"ಗೊತ್ತು ಭಾವ," ಎಂದ ಮರಿ. "ಅವತ್ತೇ ವ್ಯಾನಿನಲ್ಲಿ ಬರುವಾಗ ಅಕ್ಕ ಹೇಳಿದ್ಲು. ಯಾರಿಗೂ ಹೇಳ್ಬೇಡ ಅಂದ್ಲು. ನಿಮಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ."

ಇಂಥ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು, ಅಥವಾ ಭಾವಮೈದುನನ ಕೈ ಹಿಡಿದುಕೊಳ್ಳುತ್ತಿದ್ದರು. ಸೌಟಣ್ಣನಿಗೆ ಮೊದಲು ಅನಿಸಿದ್ದು ಅದಲ್ಲ. ಸುಳ್ಳನ್ನು ನನಗೆ ಕೊಟ್ಟಳು, ನಿಜವನ್ನು ಇವನಿಗೆ ಹೇಳಿದಳು ಎಂದು ಅನಿಸಿತು. ಅದು ಅನಿಸಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಬಾಗಿಲು ತೆರೆದು ಅವಳು ಹೊರಬಂದಳು. ಹೊಸ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಸೌಟಣ್ಣ ಎದ್ದು ನಿಂತ.

"ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ ಕಣೇ."

"ಏನಂತ?"

"ತೆಗೆದದ್ದು ನಾನು ಅಂತ. ಈಗ ಇವನಿಗೂ ಹೇಳ್ದೆ. ಇವನಿಗೆ ಮೊದ್ಲೇ ಗೊತ್ತಿತ್ತಂತೆ."

ಅವಳು ಗಂಡನ ಮುಖವನ್ನು ನೋಡಿದಳು. ಏನೋ ಹೇಳುವವಳಂತೆ ತುಟಿ ಅಲುಗಿತು. ಅವನು ಕಾದ. ಅಷ್ಟರಲ್ಲಿ ಅವಳಿಗೆ ಬೇರೇನೋ ಹೊಳೆಯಿತು. ತಮ್ಮನ ಕಡೆ ತಿರುಗಿದಳು.

"ಹಾಗಾದ್ರೆ ಇಷ್ಟು ದಿನ ನೀನು ಯಾರ ಹತ್ರಾನೂ ಬಾಯಿ ಬಿಡ್ಲಿಲ್ವೇನೋ? ಎಲ್ಲರೂ ಇವರನ್ನ ಅಟ್ಟಕ್ಕೇರಿಸ್ತಾ ಇದ್ರಲ್ಲ, ಆವಾಗ್ಲೂ?"

"ನೀನೇ ಹೇಳ್ಬೇಡ ಅಂದಿದ್ಯಲ್ಲ ಅಕ್ಕಾ."

ಅವಳ ಮುಖ ಅರಳಿತು. "ನನ್ನ ಮರೀ!" ಎಂದು ಸುಟ್ಟಿರದ ಕೈಯನ್ನು ಎತ್ತಿ, ಕಾಲ್ಬೆರಳ ಮೇಲೆ ನಿಂತು, ಅವನ ತಲೆ ಸವರಿದಳು. ಆರಡಿಯ ಮರಿ ತಲೆ ಬಗ್ಗಿಸಿಕೊಟ್ಟ.

ಸೌಟಣ್ಣ ಪಕ್ಕದಲ್ಲಿ ನಿಂತು ನೋಡಿದ. ಕ್ಯಾಂಟೀನಿನಲ್ಲಿ ಮಾನ ಕಳೆದುಕೊಂಡು ಬಂದವನು ತಾನು, ಬಾಯಿ ಮುಚ್ಚಿಕೊಂಡು ಕೂತಿದ್ದವನಿಗೆ ಹೊಗಳಿಕೆ. ಅವನ ಹೊಟ್ಟೆಕಿಚ್ಚು ಒಂದು ಕೂದಲಷ್ಟೂ ಕಡಿಮೆಯಾಗಿರಲಿಲ್ಲ.

ಮೂವರೂ ಹೊರಟರು. ಮೆಟ್ಟಿಲು ಬಂದಾಗ ಮರಿ ಅಭ್ಯಾಸಬಲದಿಂದ ಅಕ್ಕನ ಬದಿಗೆ ಬಂದ. ಅವಳು ಅವನನ್ನು ದಾಟಿ, ಮುಖ ನೋಡದೆ, ಮೊಣಕೈಯನ್ನು ಗಂಡನ ಕಡೆ ಚಾಚಿದಳು.

"ಹಿಡ್ಕೊಳ್ಳಿ. ಇನ್ನೇನು ಮೆಟ್ಟಿಲಿಂದ್ಲೂ ಬೀಳಿಸ್ತೀರಾ?" ಎಂದಳು.

ಅವನು ಹಿಡಿದುಕೊಂಡ.